ಮಳೆ ಲೆಕ್ಕದವರನ್ನು ಕೇಳಿ: ಮಂಜಿನ ಊರಿಗೂ ನೆರೆ ಬರುತ್ತಾ?

ಪ್ರಶ್ನೆ: ನನ್ನ ಮಗ ಅಲಾಸ್ಕದ ನೋಮ್ ಅನ್ನುವ ಊರಿನಲ್ಲಿ ಮೇಷ್ಟ್ರಾಗಿದ್ದಾನೆ. ಮನೆ ಕಿಟಕಿಯಿಂದಲೇ ಸಮುದ್ರ ಕಾಣುತ್ತಂತೆ. "ಚಳಿ ಬಿಟ್ಟರೆ ಇಲ್ಲಿ ಇನ್ನೇನೂ ಭಯ ಇಲ್ಲಮ್ಮ" ಅಂತಾನೆ. ಆದರೆ ಆ ಕಡೆ ಮನೆಗಳೇ ತೇಲಿಹೋದವು ಅಂತ ಟೀವಿಯಲ್ಲಿ ನೋಡಿದೆ. ಅಷ್ಟು ಚಳಿಯ ಜಾಗಕ್ಕೂ ಚಂಡಮಾರುತ ಬರುತ್ತಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬರುತ್ತೆ ತಾಯಿ. ಮಗ ನಿಮಗೆ ಅರ್ಧ ಹೇಳಿದ್ದಾನೆ. ಅಮ್ಮಂದಿರಿಗೆ ಮಕ್ಕಳು ಅರ್ಧವೇ ಹೇಳೋದು, ಬಿಡಿ.

ನೋಮ್ ಮೂರೂವರೆ ಸಾವಿರ ಚಿಲ್ಲರೆ ಜನರ ಊರು. 1900ರ ಹೊತ್ತಿಗೆ ಅಲ್ಲಿನ ಕಡಲ ಮರಳಲ್ಲೇ ಚಿನ್ನ ಸಿಕ್ಕಿತು. ಜನ ಮುಗಿಬಿದ್ದು ಮರಳ ಮೇಲೇ ಡೇರೆ ಹಾಕಿದರು. ಊರೂ ನೀರಿನ ಅಂಚಲ್ಲೇ ಬೆಳೆಯಿತು. ಹೊರಗಿನಿಂದ ಅಲ್ಲಿಗೆ ರಸ್ತೆ ಇವತ್ತಿಗೂ ಇಲ್ಲ. 1913ರಲ್ಲಿ ಒಂದು ಬಿರುಗಾಳಿ ಊರನ್ನು ಹಣ್ಣುಗಾಯಿ ಮಾಡಿತು. 1974ರ ನವೆಂಬರ್‌ನಲ್ಲಿ ಇನ್ನೊಂದು. ಅದಾದ ಮೇಲೆ ಅತಿ ಜಾಸ್ತಿ ನೀರು ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ಮರ್ಬೋಕ್ ಅನ್ನುವ ಗಾಳಿಗೆ. ಮರ್ಬೋಕ್ ಅಂದರೆ ಮಲೇಷಿಯಾದವರು ಕೊಟ್ಟ ಹೆಸರು, ಚೋರೆಹಕ್ಕಿ ಜಾತಿಯ ಒಂದು ಹಕ್ಕಿಯದು. ಹಕ್ಕಿ ಸಾಧು, ಗಾಳಿ ಅಲ್ಲ. ನೋಮ್‌ನಲ್ಲಿ ಒಂದು ಮನೆ ಅಡಿಪಾಯ ಬಿಟ್ಟು ಎದ್ದು, ತೇಲಿಕೊಂಡು ಹೋಗಿ ಸೇತುವೆಗೆ ಸಿಕ್ಕಿಕೊಂಡಿತು.

ಮರ್ಬೋಕ್ ಹುಟ್ಟಿದ್ದು ಬೆಚ್ಚಗಿನ ಪೆಸಿಫಿಕ್‌ನಲ್ಲಿ. ಉತ್ತರಕ್ಕೆ ಏರಿ, ಅಲಾಸ್ಕದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರ ಸೇರುವ ಹೊತ್ತಿಗೆ ಅದರ ಜಾತಿ ಬದಲಾಗಿ, ಬಿಸಿ ಕಡಲಿನ ಚಂಡಮಾರುತ ಹೋಗಿ ಚಳಿ ಸೀಮೆಯ ಬಿರುಗಾಳಿ ಆಗಿತ್ತು, ಜೋರು ಮಾತ್ರ ಇಳಿದಿರಲಿಲ್ಲ. ಅದರ ನಡುವೆ ವಾಯುವಿನ ಒತ್ತಡ 937 ಮಿಲಿಬಾರ್‌ವರೆಗೆ ಬಿದ್ದಿತ್ತು. ಸಾಮಾನ್ಯ ದಿನ 1013ರ ಸುತ್ತ ಇರುತ್ತೆ. ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತೆ. ಅಂದರೆ ಗಾಳಿಯ ನಡುವೆ ಮುಕ್ಕಾಲು ಮೀಟರ್ ಉಬ್ಬು. ಆದರೆ ಊರೊಳಗೆ ನೀರು ನುಗ್ಗಿಸುವುದು ಈ ಉಬ್ಬಲ್ಲ, ಗಾಳಿಯ ತಳ್ಳು. ಅಗಲದ ಪರಾತದಲ್ಲಿ ಒಂದು ಬೆರಳು ನೀರಿಟ್ಟು ಒಂದು ಕಡೆಯಿಂದ ಊದಿ ನೋಡಿ. ನೀರು ಆಚೆ ಅಂಚಿಗೆ ಹೋಗಿ ಗುಡ್ಡೆಯಾಗುತ್ತೆ. ನೋಮ್ ಇರುವ ನಾರ್ಟನ್ ಸೌಂಡ್ ಕೊಲ್ಲಿ ಅಂಥದ್ದೇ ಪರಾತ, ಬಹುಪಾಲು 30 ಮೀಟರ್ ಆಳವೂ ಇಲ್ಲ. ಅಲ್ಲಿ ದಿನದ ಉಬ್ಬರವಿಳಿತ ಅರ್ಧ ಮೀಟರ್ ಅಷ್ಟೇ. ದಿನಾ ಅಷ್ಟೇ ನೋಡಿದವರಿಗೆ ಎರಡು ಮೂರು ಮೀಟರ್ ಏರಿದರೆ ಹೇಗಿರಬೇಡ!

ಇನ್ನು ನನ್ನ ಕಸುಬಿನ ಮಾತು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು ನಾನು. ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕಕ್ಕೆ ಬರೆಯೋದು ನನ್ನ ಕೆಲಸ. ಆ ಪುಸ್ತಕ ಕಲಿಸಿದ್ದು ಇಷ್ಟು: ಎಷ್ಟು ಇಂಚು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಪುಷ್ಯ ಮಳೆಯಲ್ಲಿ ಮೂರು ಇಂಚು ಬಂದರೆ ನಮ್ಮಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ಅದೇ ಡಿಸೆಂಬರ್‌ನಲ್ಲಿ, ಕಣದಲ್ಲಿ ಹಣ್ಣು ಹರಡಿದಾಗ ಅರ್ಧ ಇಂಚು ಬಂದರೆ ಸಾಹುಕಾರರಿಗೆ ನಿದ್ದೆ ಇಲ್ಲ.

ಅಲ್ಲೂ ಅದೇ ಲೆಕ್ಕ. ಚಳಿಗಾಲದಲ್ಲಿ ದಡಕ್ಕೆ ಮಂಜುಗಡ್ಡೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಅದೇ ಊರಿನ ತಡೆಗೋಡೆ. ಅದು ಕೂತ ಮೇಲೆ ಬಿರುಗಾಳಿ ಬಂದರೂ ಅಲೆ ದಡಕ್ಕೆ ಹೊಡೆಯಲು ಆಗಲ್ಲ. ಹಿಂದೆ ಗಾಳಿಯ ಕಾಲ ಮುಗಿಯುವ ಮೊದಲೇ ಮಂಜು ಕೂರುತ್ತಿತ್ತು. ಈಗ ತಡ. 2018ರ ಚಳಿಗಾಲದಲ್ಲಂತೂ ಬೇರಿಂಗ್ ಸಮುದ್ರದಲ್ಲಿ ಮಂಜು ಹಿಂದೆಂದೂ ಇಲ್ಲದಷ್ಟು ಕಮ್ಮಿಯಾಯಿತು. ಮರ್ಬೋಕ್ ಬಂದದ್ದು ಸೆಪ್ಟೆಂಬರ್, ಮಂಜಿನ ಮಾತೇ ಇಲ್ಲ. ಮೇಲಾಗಿ ಅದು ಚಳಿಗಾಲಕ್ಕೆ ಮಾಂಸ ಕೂಡಿಡುವ, ಬೇಟೆಯ ಕಾಲ. ದೋಣಿ ಹೋಯಿತು, ಮೀನು ಒಣಗಿಸುವ ಗುಡಿಸಲು ಹೋಯಿತು. ನೀವು ಟೀವಿಯಲ್ಲಿ ನೋಡಿದ್ದು 2025ರ ಅಕ್ಟೋಬರ್‌ದು ಇರಬೇಕು. ಹಾಲಾಂಗ್ ಅನ್ನುವ ಗಾಳಿಯ ಉಳಿಕೆ ಅದು. ಅದು ಹೊಡೆದದ್ದು ನೋಮ್‌ಗಿಂತ ದೂರ ದಕ್ಷಿಣಕ್ಕೆ, ಕಿಪ್‌ನಕ್, ಕ್ವಿಗಿಲಿಂಗೋಕ್ ಊರುಗಳಿಗೆ. ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು.

ಮಗನಿಗೆ ಒಂದು ಕೆಲಸ ಹೇಳಿ. ನೋಮ್ ಸುತ್ತ ಹೆಚ್ಚುಕಡಿಮೆ ಮರಗಳೇ ಇಲ್ಲ, ಆದರೂ ದಡದ ತುಂಬ ಮರದ ದಿಮ್ಮಿ ಬಿದ್ದಿರುತ್ತೆ. ಯುಕಾನ್ ನದಿ ಒಳನಾಡಿನಿಂದ ತಂದು ಸಮುದ್ರಕ್ಕೆ ಬಿಟ್ಟದ್ದು ಅವು. ದೊಡ್ಡ ನೆರೆ ಬಂದಾಗ ನೀರು ಅವನ್ನು ಎತ್ತಿಕೊಂಡು ಹೋಗಿ, ತಾನು ಎಲ್ಲಿವರೆಗೆ ಬಂದೆ ಅಂತ ಸಾಲಾಗಿ ಬಿಟ್ಟು ಹೋಗುತ್ತೆ. ಆ ಕರಾವಳಿಯಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರಗಳು ತೀರಾ ಕಮ್ಮಿ. ಹಾಗಾಗಿ ತಜ್ಞರೂ ಈ ದಿಮ್ಮಿ ಸಾಲನ್ನು ಅಳೆದೇ ಹಳೆ ನೆರೆಯ ಎತ್ತರ ಹೇಳುತ್ತಾರೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. 2019ರ ಆಗಸ್ಟ್‌ನಲ್ಲಿ ನಮ್ಮ ಮಳೆ ಮಾಪಕ ರಾತ್ರಿಯೇ ತುಂಬಿ ಚೆಲ್ಲಿಹೋಗಿತ್ತು. ಬೆಳಗ್ಗೆ ಪುಸ್ತಕಕ್ಕೆ ನಾನು ಬರೆದದ್ದು ಸುಮ್ನೆ ಅಂದಾಜು. ಸರಿಯಾದ ಲೆಕ್ಕ ಇದ್ದದ್ದು ಹಳ್ಳದ ಪಕ್ಕದ ಅಡಿಕೆ ಮರದಲ್ಲಿ: ನನ್ನ ಎದೆಮಟ್ಟಕ್ಕೆ ಬಿದಿರೆಲೆ, ಬಾಳೆ ನಾರು, ಯಾರದೋ ಹವಾಯಿ ಚಪ್ಪಲಿ.

ಮನೆ ದಿಮ್ಮಿ ಸಾಲಿಗಿಂತ ಮೇಲಿದೆಯಾ, ಕೆಳಗಿದೆಯಾ? ಮಗ ಅದೊಂದು ನೋಡಲಿ. ಕೆಳಗಿದ್ದರೆ ಸೆಪ್ಟೆಂಬರ್‌ನಿಂದ ಮಂಜು ಕೂರುವವರೆಗೆ ಹವಾಮಾನದ ಎಚ್ಚರಿಕೆ ಬಂದಾಗ ಎತ್ತರದಲ್ಲಿರುವ ಸ್ನೇಹಿತರ ಮನೆಗೆ ಹೋಗಲಿ. ಸಾಧ್ಯವಾದರೆ ಮನೆಯನ್ನೇ ಬದಲಾಯಿಸಲಿ.

ಪ್ರಶ್ನೆ: ಅಷ್ಟು ಅಪಾಯ ಇದ್ದರೆ ಅಲ್ಲಿಯವರು ಊರು ಬಿಟ್ಟು ಬೇರೆ ಕಡೆ ಯಾಕೆ ಹೋಗಲ್ಲ?
– ಕಾಲೇಜು ವಿದ್ಯಾರ್ಥಿ, ಗೊರೂರು

ಉತ್ತರ: ಗೊರೂರಿನವರು ಇದನ್ನು ಕೇಳೋದಾ! ಹೇಮಾವತಿ ಅಣೆಕಟ್ಟಿನ ಹಿನ್ನೀರಲ್ಲಿ ಊರು ಮುಳುಗಿದವರು ನಿಮ್ಮ ಸುತ್ತಲೇ ಇದ್ದಾರಲ್ಲ. ಒಮ್ಮೆ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಅವರ ಜೊತೆ ನಿಂತು ಮಾತಾಡಿಸಿ.

ಅಲಾಸ್ಕದಲ್ಲಿ ಹೋದವರೂ ಇದ್ದಾರೆ. ನ್ಯೂಟೋಕ್ ಅನ್ನುವ ಊರಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತಿತ್ತು. ಅದು ಕರಗಿ, ನದಿಗೆ ಕುಸಿಯತೊಡಗಿತು. ಸುಮಾರು 14 ಕಿಲೋಮೀಟರ್ ದೂರದ ಮೆರ್ಟಾರ್ವಿಕ್‌ಗೆ ಮೊದಲ ಕುಟುಂಬಗಳು ಹೋದದ್ದು 2019ರಲ್ಲಿ, ಅದೂ ಎಷ್ಟೋ ವರ್ಷ ಓಡಾಡಿದ ಮೇಲೆ. ಶಿಶ್‌ಮರೆಫ್ ಅನ್ನುವ ದ್ವೀಪದ ಊರಿನವರು 2002ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಮತ ಹಾಕಿ "ಹೋಗೋಣ" ಅಂದರು. ದುಡ್ಡು ಹೊಂದಲಿಲ್ಲ. ಇನ್ನೂ ಅಲ್ಲೇ ಇದ್ದಾರೆ.