ಭಾವನ ಹಣವಿರುವ ಕಂಪನಿಯ ಮೇಲಿನ ದೂರು ನನ್ನ ಟೇಬಲ್ಲಿಗೇ ಬಂದಿದೆ

ಪ್ರಶ್ನೆ: ನನಗೆ 24 ವರ್ಷ. ಸರ್ಕಾರದ ಹಣಕಾಸು ನಿಯಂತ್ರಣ ಸಂಸ್ಥೆಯೊಂದರಲ್ಲಿ ಆಡಳಿತ ಸಹಾಯಕಿಯಾಗಿ ಸೇರಿ ಕೆಲವು ತಿಂಗಳಾಯಿತು. ಬಂದ ಪತ್ರಗಳಿಗೆ ನಂಬರ್ ಹಾಕುವುದು, ಸ್ಕ್ಯಾನ್ ಮಾಡಿ ಆಯಾ ವಿಭಾಗಕ್ಕೆ ಕಳಿಸುವುದು, ಸಭೆಗಳಿಗೆ ದಿನ ಗೊತ್ತು ಮಾಡುವುದು, ಇಷ್ಟೇ ನನ್ನ ಕೆಲಸ. ಕಳೆದ ವಾರ ಒಂದು ಹೂಡಿಕೆ ಕಂಪನಿಯ ಮೇಲೆ ದೂರು ಬಂತು. ಹಣ ವಾಪಸ್ ಕೇಳಿದರೆ ಸತಾಯಿಸುತ್ತಾರೆ, ಲೆಕ್ಕ ತೋರಿಸುವುದಿಲ್ಲ ಎಂದು ಬರೆದಿದ್ದರು. ನನ್ನ ಭಾವ ಉಳಿತಾಯದ ದೊಡ್ಡ ಪಾಲನ್ನು ಅದೇ ಕಂಪನಿಯಲ್ಲಿ ಇಟ್ಟಿದ್ದಾರೆ. ಅಕ್ಕನಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದೆ ಇದ್ದು ನಾಳೆ ಹಣ ಮುಳುಗಿದರೆ ಅವಳಿಗೆ ಮುಖ ತೋರಿಸುವುದು ಹೇಗೆ? ಇಷ್ಟು ಚಿಕ್ಕ ಕೆಲಸಕ್ಕಾಗಿ ಮನೆಯವರಿಗೆ ಮೋಸ ಮಾಡಬೇಕಾ? ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಅಕ್ಕನಿಗೆ ಹೇಳಬೇಡಿ. ಭಾವನಿಗೂ ಹೇಳಬೇಡಿ. ಹಾಗಂತ ಸುಮ್ನೆ ಕೂರಲೂ ಬೇಡಿ. ನಾಳೆ ಕಚೇರಿಗೆ ಹೋದ ಕೂಡಲೇ ನಿಮ್ಮ ಮೇಲಧಿಕಾರಿಗೆ ಎರಡು ಸಾಲು ಬರೆದು ಕೊಡಿ. ಈ ಕಂಪನಿಯಲ್ಲಿ ನನ್ನ ಹತ್ತಿರದ ಸಂಬಂಧಿಯ ಹಣವಿದೆ, ಅದರ ಮೇಲಿನ ದೂರನ್ನು ನಾನೇ ದಾಖಲಿಸಿದ್ದೇನೆ, ಇನ್ನು ಮುಂದೆ ಇದರ ಕಾಗದಪತ್ರ ಬೇರೆಯವರು ನೋಡಿಕೊಳ್ಳಲಿ ಎಂದು. ಇಂಥದ್ದನ್ನು ತಿಳಿಸಲು ಬಹಳಷ್ಟು ಸಂಸ್ಥೆಗಳಲ್ಲಿ ಒಂದು ನಮೂನೆಯೇ ಇರುತ್ತದೆ. ಇಲ್ಲದಿದ್ದರೆ ಇಮೇಲ್ ಸಾಕು. ಬಾಯಲ್ಲಿ ಹೇಳಿ ಬಂದರೆ ಮಾತ್ರ ಸಾಲದು. ಬರವಣಿಗೆಯಲ್ಲಿ ಇರಲಿ. ಒಂದು ವಾರ ತಡವಾಯಿತಲ್ಲ ಎಂದು ಹೆದರಬೇಡಿ. ತಾನಾಗಿ ಬಂದು ಹೇಳಿದವರನ್ನು ನೋಡುವ ರೀತಿಯೇ ಬೇರೆ, ಆಮೇಲೆ ಸಿಕ್ಕಿಬಿದ್ದವರನ್ನು ನೋಡುವ ರೀತಿಯೇ ಬೇರೆ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರೋಣ. ನಿಮಗೆ ಗೊತ್ತಿರುವುದು ಎಷ್ಟು? ಒಬ್ಬರು ದೂರು ಕೊಟ್ಟಿದ್ದಾರೆ, ಅಷ್ಟೇ. ಅದು ನಿಜವೋ ಸುಳ್ಳೋ ಇನ್ನೂ ಯಾರೂ ನೋಡಿಲ್ಲ. ನಿಯಂತ್ರಣ ಸಂಸ್ಥೆಗಳಿಗೆ ನೂರೆಂಟು ಥರದ ದೂರು ಬರುತ್ತವೆ. ಹಣ ಕೊಡುವುದು ತಡವಾಗಿದ್ದಕ್ಕೆ, ಷರತ್ತು ಸರಿಯಾಗಿ ಓದದೆ ಸಹಿ ಹಾಕಿದ್ದಕ್ಕೆ, ವ್ಯವಹಾರದಲ್ಲಿ ಮನಸ್ತಾಪ ಬಂದಿದ್ದಕ್ಕೆ. ನಿಜವಾದ ಮೋಸದ ದೂರು ಕೂಡ ಇವುಗಳ ಜೊತೆಗೇ ಬರುತ್ತದೆ, ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಕಂಪನಿ ಸರಿಯಾಗಿದ್ದರೆ, ನಿಮ್ಮ ಒಂದು ಮಾತು ಬಾಯಿಂದ ಬಾಯಿಗೆ ಹರಡಿ, ಎಲ್ಲರೂ ಹಣ ತೆಗೆಯಲು ಓಡಿ, ಸರಿಯಿದ್ದದ್ದೂ ಬೀಳಬಹುದು. ಕಂಪನಿ ಮೋಸದ್ದೇ ಆಗಿದ್ದರೆ ಇನ್ನೂ ಕಷ್ಟ. ಭಾವ ಗಾಬರಿಯಿಂದ ಹೋಗಿ ಹಣ ಕೇಳುತ್ತಾರೆ, ಯಾಕೆ ಅಂತ ಕಂಪನಿಯವರು ಕೆದಕುತ್ತಾರೆ. ತನಿಖೆ ಶುರುವಾಗುವ ಮೊದಲೇ ಲೆಕ್ಕದ ಪುಸ್ತಕ ಮಾಯವಾಗುತ್ತದೆ, ಇದ್ದ ಹಣ ಬೇರೆ ಕಡೆ ಹೋಗುತ್ತದೆ. ಆ ದೂರು ಬರೆದವರಿಗೂ ಹಣ ಸಿಗುವುದಿಲ್ಲ. ಅವರೂ ಯಾರದೋ ಅಕ್ಕನೋ ಭಾವನೋ ಅಲ್ವಾ? ನಿಮ್ಮ ಕಚೇರಿಯನ್ನು ನಂಬಿ ಆ ಪತ್ರ ಬರೆದಿದ್ದಾರೆ.

ಹಣ ಮೊದಲೇ ತೆಗೆದರೆ ಭಾವನದು ಉಳಿಯುತ್ತದೆ ಎಂಬುದೂ ಖಾತ್ರಿಯಿಲ್ಲ. ಹೊಸಬರ ಹಣದಿಂದ ಹಳಬರಿಗೆ ಕೊಡುವ ಮೋಸದ ಯೋಜನೆಯಾದರೆ, ಅವರ ಕೈಗೆ ಬರುವುದು ಇನ್ನೊಬ್ಬ ಹೂಡಿಕೆದಾರನ ಹಣ. ಅಮೆರಿಕದಲ್ಲಿ ಬರ್ನಾರ್ಡ್ ಮೇಡಾಫ್ ಎಂಬ ಹೂಡಿಕೆ ವ್ಯವಹಾರಸ್ಥ ನಡೆಸಿದ ಇಂಥದ್ದೇ ಹಗರಣ 2008ರ ಡಿಸೆಂಬರ್‌ನಲ್ಲಿ ಬಯಲಾದ ಮೇಲೆ, ಹಾಕಿದ್ದಕ್ಕಿಂತ ಜಾಸ್ತಿ ತೆಗೆದಿದ್ದ ಅನೇಕರ ಮೇಲೆ ಮೊಕದ್ದಮೆ ಹೂಡಿ ಆ ಹೆಚ್ಚಿನ ಹಣ ವಾಪಸ್ ಕೇಳಿದರು. ಷೇರು ವ್ಯವಹಾರವಾದರೆ, ಒಳಗಿನ ಸುದ್ದಿ ತಿಳಿದು ನಷ್ಟ ತಪ್ಪಿಸಿಕೊಳ್ಳುವುದೂ, ಆ ಸುದ್ದಿ ಕೊಡುವುದೂ ಹೆಚ್ಚಿನ ದೇಶಗಳಲ್ಲಿ ಅಪರಾಧ. ಕೆಲಸ ಹೋಗುವುದು ನಿಮ್ಮದೊಬ್ಬರದೇ ಆಗಿದ್ದರೆ ಮಾತು ಬೇರೆ ಇತ್ತು. ಹೇಳಿದ್ದರಿಂದ ಭಾವನೂ ಸಿಕ್ಕಿಹಾಕಿಕೊಳ್ಳಬಹುದು.

"ಸ್ವಲ್ಪ ಹುಷಾರಾಗಿರಿ ಭಾವ" ಅನ್ನುವ ಮಾತೂ ಬೇಡ. ನೀವು ಎಲ್ಲಿ ಕೆಲಸ ಮಾಡುತ್ತೀರಿ ಎಂದು ಗೊತ್ತಿರುವ ಮನುಷ್ಯನಿಗೆ ಅಷ್ಟೇ ಸಾಕು. ಹಾಗೆಯೇ, ಕುತೂಹಲಕ್ಕೆ ಆ ಫೈಲನ್ನು ಮತ್ತೆ ತೆರೆಯಬೇಡಿ. ಯಾರು, ಯಾವಾಗ, ಯಾವ ಫೈಲು ನೋಡಿದರು ಎಂಬುದನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ.

ಒಂದು ದಾರಿ ತೆರೆದೇ ಇದೆ. ಯಾವ ಕಂಪನಿಗೆ ಪರವಾನಗಿ ಇದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯನ್ನು ನಿಯಂತ್ರಣ ಸಂಸ್ಥೆಗಳು ಸಾಮಾನ್ಯವಾಗಿ ಎಲ್ಲರಿಗೂ ಕಾಣುವಂತೆ ಇಡುತ್ತವೆ. ಎಚ್ಚರಿಕೆಯ ಪ್ರಕಟಣೆ ಹೊರಡಿಸುವುದೂ ಉಂಟು. ಬರೆದು ಕೊಡುವಾಗಲೇ ಮೇಲಧಿಕಾರಿಯನ್ನು ಕೇಳಿ: ಎಲ್ಲರಿಗೂ ಸಿಗುವ ಈ ಮಾಹಿತಿಯನ್ನು ಮನೆಯವರಿಗೆ ತೋರಿಸಬಹುದಾ? ಹೂಂ ಅಂದರೆ ಅಷ್ಟು ಮಾತ್ರ ತೋರಿಸಿ. ಬೇಡ ಅಂದರೆ ಬಿಟ್ಟುಬಿಡಿ.

ಅಕ್ಕನ ಮುಖ ನೋಡುವ ಮಾತು ಬರೆದಿದ್ದೀರಿ. ನಾಳೆ ಹಣ ಹೋಗಿ, "ನಿನಗೆ ಮೊದಲೇ ಗೊತ್ತಿತ್ತಾ?" ಅಂತ ಅವರು ಕೇಳಿದರೆ ನಿಮಗೆ ನೋವಾಗುತ್ತದೆ. ಅದನ್ನು ತಪ್ಪಿಸುವ ಉಪಾಯ ನನ್ನ ಹತ್ತಿರ ಇಲ್ಲ. ಆದರೆ ಇವತ್ತಿನಿಂದಲೇ ಮನೆಯಲ್ಲಿ ಒಂದು ರೂಢಿ ಮಾಡಿ. ಯಾವ ಕಂಪನಿ, ಯಾವ ಹೂಡಿಕೆ ಬಗ್ಗೆಯೂ ನಾನು ಮಾತಾಡುವುದಿಲ್ಲ, ಒಳ್ಳೆಯದೂ ಹೇಳುವುದಿಲ್ಲ, ಕೆಟ್ಟದ್ದೂ ಹೇಳುವುದಿಲ್ಲ ಅಂತ. ಈ "ಒಳ್ಳೆಯದೂ" ಅನ್ನುವುದನ್ನು ಮರೆಯಬೇಡಿ. ನಾಲ್ಕು ಕಂಪನಿಗೆ "ಪರವಾಗಿಲ್ಲ" ಎಂದು ಹೇಳಿ ಐದನೆಯದಕ್ಕೆ ಸುಮ್ಮನಾದರೆ ಆ ಮೌನವೇ ಉತ್ತರವಾಗುತ್ತದೆ. ಎಲ್ಲದಕ್ಕೂ ಒಂದೇ ಮಾತು ಇದ್ದರೆ, ಮುಂದೆ ಅಕ್ಕ ಕೇಳಿದಾಗ ನೀವು ಸುಳ್ಳು ಹೇಳಬೇಕಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ನಾನು ಒಪ್ಪದೆ ಇರುವುದು "ಚಿಕ್ಕ ಕೆಲಸ" ಅನ್ನುವ ಮಾತನ್ನು. ಮೇಡಾಫ್ ವಿಷಯಕ್ಕೇ ಮತ್ತೆ ಹೋಗುತ್ತೇನೆ. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಎಲ್ಲಿ ಎಡವಿತು ಎಂದು ಅದರ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ಸಂಸ್ಥೆಯ ಒಳಗಿನ ತಪ್ಪುಗಳನ್ನು ವಿಚಾರಿಸುವ ಅಧಿಕಾರಿ) ತನಿಖೆ ಮಾಡಿ 2009ರಲ್ಲಿ ವರದಿ ಕೊಟ್ಟರು. ಓದಿದರೆ ಹೊಟ್ಟೆ ಉರಿಯುತ್ತದೆ. 1992ರಿಂದ 2008ರವರೆಗೆ ಆರು ಗಟ್ಟಿ ದೂರುಗಳು ಬಂದಿದ್ದವು. ಹ್ಯಾರಿ ಮಾರ್ಕೋಪೋಲೋಸ್ ಎಂಬ ಹಣಕಾಸು ವಿಶ್ಲೇಷಕರು 2000ದಲ್ಲಿ ಕೊಟ್ಟ ದೂರನ್ನು ಎಸ್‌ಇಸಿಯ ಬಾಸ್ಟನ್ ಕಚೇರಿ ನ್ಯೂಯಾರ್ಕ್ ಕಚೇರಿಗೆ ದಾಟಿಸಲೇ ಇಲ್ಲ. ಮುಂದೊಮ್ಮೆ ಎರಡು ಕಚೇರಿಗಳ ತಂಡಗಳು ಒಂದೇ ಸಮಯದಲ್ಲಿ ಮೇಡಾಫ್ ಕಂಪನಿಯ ತಪಾಸಣೆ ನಡೆಸುತ್ತಿದ್ದವು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೊನೆಗೆ ಅದನ್ನು ತಿಳಿಸಿದ್ದು ಯಾರು ಗೊತ್ತಾ? ಮೇಡಾಫ್ ತಾನೇ! ಅವನು ಹೇಳಿದ ವ್ಯವಹಾರ ನಿಜವಾ ಎಂದು ಹೊರಗಿನ ಸಂಸ್ಥೆಯಿಂದ ಲೆಕ್ಕ ಕೇಳಲು ಒಂದು ಪತ್ರವನ್ನೂ ಸಿದ್ಧ ಮಾಡಿದ್ದರು. ಅದನ್ನು ಕಳಿಸಲೇ ಇಲ್ಲ.

ಈ ತಪ್ಪುಗಳನ್ನು ಮಾಡಿದ್ದು ಅಧಿಕಾರಿಗಳು, ನಿಮ್ಮಂಥ ಸಹಾಯಕರಲ್ಲ. ಆದರೆ ತಪ್ಪು ಎಲ್ಲಿ ಆಯಿತು ನೋಡಿ. ದಾಟದ ದೂರು, ಹೋಗದ ಪತ್ರ, ಒಂದು ಫೈಲು ಇನ್ನೊಂದಕ್ಕೆ ಸಿಗದೆ ಹೋದದ್ದು. ನೀವು ದಿನವೂ ಮಾಡುವ ಕೆಲಸದ ಜಾಗವೇ ಅದು. ಕಂಪನಿಯ ಹೆಸರನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಬರೆದರೆ, ಹಳೆಯ ಮೂರು ದೂರುಗಳು ಹೊಸ ದೂರಿನ ಜೊತೆ ಸೇರುವುದೇ ಇಲ್ಲ. ಪತ್ರ ಬಂದ ತಾರೀಖು ತಪ್ಪಾದರೆ ಗಡುವಿನ ಲೆಕ್ಕವೆಲ್ಲ ಕೆಡುತ್ತದೆ. ಭಾವನ ಹಣಕ್ಕೆ ನೀವು ಮಾಡಬಹುದಾದ ದೊಡ್ಡ ಸಹಾಯವನ್ನು ಕಳೆದ ವಾರವೇ ಮಾಡಿದ್ದೀರಿ. ಆ ದೂರಿಗೆ ನಂಬರ್ ಹಾಕಿ ಸೇರಬೇಕಾದ ಕಡೆಗೆ ಕಳಿಸಿದ್ದೀರಿ.

ರಾಜೀನಾಮೆ ಈಗ ಬೇಡ. ಕಚೇರಿ ಬಿಟ್ಟರೂ ಗುಟ್ಟು ಕಾಪಾಡುವ ಹೊಣೆ ಸಾಮಾನ್ಯವಾಗಿ ಮುಗಿಯುವುದಿಲ್ಲ. ಹೇಳುವ ಹಾಗೂ ಇಲ್ಲ, ಕೈಯಲ್ಲಿ ಕೆಲಸವೂ ಇಲ್ಲ ಎಂಬಂತಾಗುತ್ತದೆ. ಪತ್ರ ದಾಖಲಿಸುವುದರಲ್ಲೇ ಇರಲು ಮನಸ್ಸಿಲ್ಲದಿದ್ದರೆ ತಪಾಸಣೆ ಅಥವಾ ದೂರು ಪರಿಶೀಲನೆಯ ವಿಭಾಗಕ್ಕೆ ಹೋಗಲು ಯಾವ ಪರೀಕ್ಷೆ ಇದೆ ಎಂದು ವಿಚಾರಿಸಿ. ಆ ಮಾತು ಮುಂದಿನ ತಿಂಗಳಿಗಿರಲಿ.

ನಾಳೆ ಮೇಲಧಿಕಾರಿ "ಅಯ್ಯೋ, ಇದೇನು ದೊಡ್ಡ ವಿಷಯ, ಬಿಡಿ" ಎನ್ನಬಹುದು. ಹಾಗೆಂದರೂ ಇಮೇಲ್ ಕಳಿಸಿ, ಉತ್ತರ ಬಂದದ್ದನ್ನು ಕಚೇರಿಯಲ್ಲೇ ಜೋಪಾನವಾಗಿ ಇಡಿ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಸಿಬ್ಬಂದಿಯ ನಡತೆ ನಿಯಮಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಅದನ್ನೇ ಕಳಿಸಿ.