ಜೇಬಿನ ಚಾಕು ಕೊಳ್ಳುವ ಮೊದಲು, ಕೊಂಡ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೋಟಕ್ಕೆ ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳಲು ಒಂದು ಮಡಚುವ ಚಾಕು ಬೇಕು. ಗೋಣಿದಾರ, ಪ್ಲಾಸ್ಟಿಕ್ ಹಗ್ಗ ಕತ್ತರಿಸುವುದು, ಮೆಣಸಿನ ಬಳ್ಳಿ ಕಟ್ಟುವುದು, ಕಿತ್ತಳೆ ಸುಲಿಯುವುದು, ಇಷ್ಟೇ ಕೆಲಸ. ಅಂಗಡಿಯಲ್ಲಿ 300 ರೂಪಾಯಿಯಿಂದ 1,500ರವರೆಗೆ ಇವೆ, ನೋಡಲು ಎಲ್ಲವೂ ಒಂದೇ ಥರ. ಯಾವುದು ಒಳ್ಳೆಯದೆಂದು ಅಂಗಡಿಯಲ್ಲೇ ಗುರುತಿಸುವುದು ಹೇಗೆ? (ಗೋಣಿಕೊಪ್ಪಲಿನಿಂದ)

ಉತ್ತರ: ಡಬ್ಬಿಯ ಮೇಲಿನ ಬರಹವನ್ನು ಆಮೇಲೆ ಓದಿ. ಚಾಕುವನ್ನು ಕೈಗೆ ತೆಗೆದುಕೊಂಡು ಮೊದಲು ಲಾಕ್ ನೋಡಿ. ಅಲಗು ಮೊಂಡಾದರೆ ಮಸೆದುಕೊಳ್ಳಬಹುದು, ಲಾಕ್ ಜಾರಿದರೆ ಬೆರಳೇ ಕೊಯ್ದುಹೋಗುತ್ತದೆ.

ಈ ಬೆಲೆಯ ಚಾಕುಗಳಲ್ಲಿ ಹೆಚ್ಚಾಗಿ ಇರುವುದು ಲೈನರ್ ಲಾಕ್. ಹಿಡಿಯೊಳಗಿನ ತಗಡಿನ ಒಂದು ಪಟ್ಟಿ, ಅಲಗು ಪೂರ್ತಿ ಬಿಚ್ಚಿಕೊಂಡಾಗ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತುಕೊಟ್ಟು ನಿಲ್ಲುತ್ತದೆ. ಚಾಕು ಬಿಚ್ಚಿ ಆ ಜಾಗವನ್ನು ಬೆಳಕಿನಲ್ಲಿ ನೋಡಿ. ಪಟ್ಟಿಯು ಬುಡದ ದಪ್ಪದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಬಂದು ಕೂತಿರಬೇಕು. ಬರೀ ಅಂಚಿಗೆ ತಾಗಿ ನಿಂತಿದ್ದರೆ ಒತ್ತಡ ಬಿದ್ದಾಗ ಜಾರುತ್ತದೆ. ಹೊಸತರಲ್ಲೇ ಆಚೆ ಬದಿಯವರೆಗೆ ಹೋಗಿ ಮುಟ್ಟಿದ್ದರೆ, ಸವೆದಂತೆಲ್ಲ ಇನ್ನಷ್ಟು ಸರಿಯಲು ಜಾಗವಿಲ್ಲ. ಬಳಸುತ್ತಾ ಹೋದಂತೆ ಅಲಗು ಅಲುಗಾಡತೊಡಗುತ್ತದೆ. ಪಟ್ಟಿ ಕಾಗದದಂತೆ ತೆಳುವಾಗಿದ್ದು ಬೆರಳಿಗೆ ಬಾಗುವಂತಿದ್ದರೆ ಆ ಚಾಕು ಬೇಡ.

ಪರೀಕ್ಷೆ ಹೀಗೆ: ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇರದಂತೆ ಹಿಡಿಯನ್ನು ಎರಡು ಬದಿಯಿಂದ ಹಿಡಿಯಿರಿ. ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಆನಿಸಿ ಮೆಲ್ಲಗೆ, ಆಮೇಲೆ ಸ್ವಲ್ಪ ಬಲವಾಗಿ ಒತ್ತಿ. ಪಟ್ಟಿ ಕೂದಲೆಳೆಯಷ್ಟೂ ಕದಲಬಾರದು. ಬೆನ್ನನ್ನು ಮೇಜಿಗೆ ಬಡಿದು ನೋಡುವವರಿದ್ದಾರೆ. ಅದರಿಂದ ಒಳ್ಳೆಯ ಲಾಕ್ ಕೂಡ ಕೆಡುತ್ತದೆ.

ಅಲಗಿನ ತುದಿಯನ್ನು ಎಡಬಲಕ್ಕೆ, ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿ. ಎಡಬಲದ ಅಲುಗಾಟವನ್ನು ಬುಡದ ಸ್ಕ್ರೂ ಬಿಗಿ ಮಾಡಿ ಸರಿಪಡಿಸಬಹುದು. ಅದಕ್ಕೆ ಬೇಕಾದದ್ದು ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್, ಹೆಚ್ಚಾಗಿ ಟಿ6 ಅಥವಾ ಟಿ8. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರೂ ಸಾಕಾಗುತ್ತದೆ. ಸ್ಕ್ರೂ ಬದಲು ರಿವೆಟ್ ಹೊಡೆದಿದ್ದರೆ ಈ ದಾರಿ ಇಲ್ಲ. ಮೇಲೆ ಕೆಳಗಿನ ಅಲುಗಾಟ ಲಾಕಿನದೇ ದೋಷ. ಅದಕ್ಕೆ ಮನೆಮದ್ದಿಲ್ಲ, ಚಾಕು ವಾಪಸು ಕೊಡಿ.

ಈಗ ಮಡಚಿ. ಹಿಡಿಯ ಮೇಲೆ ಬೆರಳಾಡಿಸಿದರೆ ಅಲಗಿನ ತುದಿ ಎಲ್ಲೂ ಚುಚ್ಚಬಾರದು. ಚುಚ್ಚಿದರೆ ಜೇಬಿಗೂ ಅದೇ ಗತಿ. ಅಲಗು ಎರಡು ತಗಡುಗಳ ಸರಿಮಧ್ಯೆ ಇಲ್ಲದಿದ್ದರೂ ಚಿಂತೆಯಿಲ್ಲ, ಉಜ್ಜದಿದ್ದರಾಯಿತು. ಹತ್ತು ಸಲ ಮಡಚಿ ಬಿಚ್ಚಿದ ಮೇಲೆ ಅಂಚನ್ನು ಬೆಳಕಿಗೆ ಹಿಡಿಯಿರಿ. ಒಂದೇ ಜಾಗದಲ್ಲಿ ಚುಕ್ಕೆಯಂತೆ ಮಿನುಗಿದರೆ, ಮಡಚುವಾಗ ಅಂಚು ಒಳಗಿನ ಲೋಹಕ್ಕೆ ಬಡಿಯುತ್ತಿದೆ ಎಂದರ್ಥ. ಎಷ್ಟು ಮಸೆದರೂ ಅಲ್ಲಿ ಮತ್ತೆ ಮತ್ತೆ ಮೊಂಡಾಗುತ್ತದೆ.

ಬಹಳ ಜನ ಎಡವುವುದು ದಪ್ಪದ ವಿಷಯದಲ್ಲಿ. ಬೆನ್ನು 4 ಮಿ.ಮೀ. ಇರುವ, ಮಿಲಿಟರಿ ಬಣ್ಣದ ಅಲಗು ಗಟ್ಟಿಮುಟ್ಟಾಗಿ ಕಾಣುತ್ತದೆ. ಕಿತ್ತಳೆಗೆ ಇಟ್ಟರೆ ಸಿಪ್ಪೆ ಕೊಯ್ಯುವ ಬದಲು ಹಣ್ಣನ್ನು ಹಿಂಡುತ್ತದೆ. ನಿಮ್ಮ ಕೆಲಸಕ್ಕೆ ಬೆನ್ನು 2ರಿಂದ 2.5 ಮಿ.ಮೀ., ಮಸೆದ ಅಂಚಿನ ಹಿಂದೆಯೇ ಸುಮಾರು ಅರ್ಧ ಮಿ.ಮೀ. ದಪ್ಪ, ಅಲಗಿನ ಉದ್ದ 7-8 ಸೆಂ.ಮೀ. ಸಾಕು. ಸ್ಪ್ರಿಂಗಿನ ಬಲದಿಂದ ಚಿಮ್ಮಿ ಬಿಚ್ಚಿಕೊಳ್ಳುವ ಅಗ್ಗದ ಚಾಕುಗಳನ್ನು ನಾವು ತೋಟಕ್ಕೆ ಹೇಳುವುದಿಲ್ಲ. ಮಣ್ಣು, ಕಸ ಸೇರಿದರೆ ಮೊದಲು ಕೆಡುವುದೇ ಆ ಸ್ಪ್ರಿಂಗ್. ಕೆಟ್ಟ ಲಾಕ್ ಇರುವ ಚಾಕುವಿಗಿಂತ ಲಾಕೇ ಇಲ್ಲದ, ಬೆನ್ನಿನ ಸ್ಪ್ರಿಂಗ್ ಬಿಗಿಯಾಗಿರುವ ಹಳೆಯ ಮಾದರಿಯ ಚಾಕು ಎಷ್ಟೋ ವಾಸಿ. ಅದು ಮಡಚಿಕೊಳ್ಳಬಹುದೆಂಬುದು ಕೈಗೆ ಮೊದಲೇ ಗೊತ್ತಿರುತ್ತದೆ.

ಕೊನೆಗೆ ಉಕ್ಕಿನ ಹೆಸರು. 420 ಅಥವಾ 3ಸಿಆರ್13 ಎಂದಿದ್ದರೆ ಮೆದು ಉಕ್ಕು: ತುಕ್ಕಿಗೆ ಬೇಗ ಸೋಲುವುದಿಲ್ಲ, ಮಸೆಯಲು ಸುಲಭ, ಆದರೆ ಹರಿತ ಬೇಗ ಹೋಗುತ್ತದೆ. 5ಸಿಆರ್15ಎಂಒವಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. 8ಸಿಆರ್13ಎಂಒವಿಯಲ್ಲಿ ಇಂಗಾಲ ಸುಮಾರು ಶೇ. 0.8, ಕಾಯಿಸಿ ಅದ್ದಿ ಸರಿಯಾಗಿ ಹದ ಮಾಡಿದರೆ ಅದರ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 57-59 ಬರುತ್ತದೆ. ಈ ಎರಡರಲ್ಲಿ ಯಾವುದಾದರೂ ನಿಮಗೆ ಸಾಕು. ಡಿ2 ಹರಿತವನ್ನು ಬಹಳ ಕಾಲ ಹಿಡಿದಿಡುತ್ತದೆ, ಆದರೆ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ, ಮಾಮೂಲಿ ಕಲ್ಲಿಗೆ ಬಗ್ಗುವುದಿಲ್ಲ. ಬರೀ '440' ಎಂದಿದ್ದರೆ ಎ, ಬಿ, ಸಿ ಎಂಬ ಮೂರರಲ್ಲಿ ಯಾವುದೆಂದು ಕೇಳಿ, ಮೂರೂ ಬೇರೆ ಬೇರೆ. 'ಸರ್ಜಿಕಲ್ ಸ್ಟೀಲ್' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. 'ರೋಸ್ಟ್‌ಫ್ರೈ' ಎಂಬುದು ತುಕ್ಕು ಹಿಡಿಯದ್ದು ಎಂಬುದಕ್ಕೆ ಜರ್ಮನ್ ಪದ, ಅಷ್ಟೆ. ಚಾಕು ಜರ್ಮನಿಯದೆಂದು ಅದರಿಂದ ತಿಳಿಯಬೇಡಿ.

ಪ್ರಶ್ನೆ: 'ಸ್ಟೇನ್‌ಲೆಸ್' ಎಂದು ಅಲಗಿನ ಮೇಲೆಯೇ ಕೆತ್ತಿದ್ದ ಚಾಕು ಒಂದು ಮಳೆಗಾಲ ಮುಗಿಯುವುದರೊಳಗೆ ತುಕ್ಕು ಹಿಡಿಯಿತು. ಅಯಸ್ಕಾಂತಕ್ಕೂ ಅಂಟುತ್ತದೆ. ಮೋಸ ಹೋದೆನೇ? (ಸೋಮವಾರಪೇಟೆಯಿಂದ)

ಉತ್ತರ: ಅಯಸ್ಕಾಂತಕ್ಕೆ ಅಂಟುವುದು ಮೋಸದ ಗುರುತಲ್ಲ. ಊಟದ ಒಳ್ಳೆಯ ದರ್ಜೆಯ ತಟ್ಟೆ, ಲೋಟಗಳ ಉಕ್ಕಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಚಾಕುವಿನ ಉಕ್ಕು ಗಡಸಾಗಲೇಬೇಕು, ಹಾಗೆ ಗಡಸಾಗುವ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಅಂಟದ ಅಲಗನ್ನು ಕೊಳ್ಳಬೇಡಿ. (ಮೆದು ಕಬ್ಬಿಣವೂ ಅಂಟುತ್ತದೆ, ಆದ್ದರಿಂದ ಅಂಟಿದ್ದೆಲ್ಲ ಒಳ್ಳೆಯ ಉಕ್ಕಲ್ಲ.)

ಗಡಸಾಗಲು ಬೇಕಾದ ಇಂಗಾಲವು ಕ್ರೋಮಿಯಂನ ಒಂದು ಪಾಲನ್ನು ತನ್ನ ಜೊತೆ ಕಟ್ಟಿಹಾಕಿಕೊಳ್ಳುತ್ತದೆ. ತುಕ್ಕು ತಡೆಯಲು ಅಷ್ಟು ಕ್ರೋಮಿಯಂ ಕಡಿಮೆಯಾಯಿತು. ಹಾಗಾಗಿ ಸ್ಟೇನ್‌ಲೆಸ್ ಚಾಕು ತಟ್ಟೆಯಷ್ಟು ತಡೆಯುವುದಿಲ್ಲ. ತುಕ್ಕು ಎಲ್ಲೆಡೆ ಮಂಜಿನಂತೆ ಹರಡಿದೆಯೋ, ಸೂಜಿಮೊನೆಯಂಥ ಗುಳಿಗಳಾಗಿವೆಯೋ ನೋಡಿ. ಗುಳಿಗಳಿದ್ದರೆ ಅದು ಹೆಚ್ಚಾಗಿ ಕ್ಲೋರೈಡ್‌ನ ಕೆಲಸ: ಬೆವರು, ಉಪ್ಪು, ಅಥವಾ ಪೊಟ್ಯಾಷ್ ಗೊಬ್ಬರದ ಚೀಲ ಸೀಳಿ ತೊಳೆಯದೆ ಜೇಬಿಗೆ ಹಾಕಿದ್ದು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣವೂ ಅಲಗಿಗೆ ಒಳ್ಳೆಯದಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಶೇ. 1ರ ದ್ರಾವಣಕ್ಕೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡುವ ಪದ್ಧತಿ ಇದೆಯಲ್ಲ, ಅಲಗು ಕೆಂಪಾದರೆ ತಾಮ್ರ ಅಂಟಿದೆ, ಇನ್ನಷ್ಟು ಸುಣ್ಣ ಬೇಕು ಎಂದು. ಆ ಪರೀಕ್ಷೆಗೆ ಹಳೆಯ ಕಬ್ಬಿಣದ ಕತ್ತಿ ಇಟ್ಟುಕೊಳ್ಳಿ, ಜೇಬಿನ ಚಾಕು ಬೇಡ.

ಕೆಲಸ ಮುಗಿದ ಮೇಲೆ ಚಾಕುವನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಬುಡದ ಸಂದಿಯನ್ನೂ ಬಟ್ಟೆಯಿಂದ ಒರೆಸಿ, ಬಿಚ್ಚಿಯೇ ಒಣಗಿಸಿ. ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಬುಡಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಚಾಕು ಬಿಚ್ಚಲು ಉಗುರೇ ಸೋಲುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಹಣ್ಣು ಕೊಯ್ಯುವ ಚಾಕುವಾದರೆ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಿ. ಕೊಬ್ಬರಿ ಎಣ್ಣೆ ನಿಜವಾಗಿ ಉಪಯೋಗಕ್ಕೆ ಬರುವುದು ಹಲಸಿನ ಅಂಟು ಬಿಡಿಸಲು.

ಪ್ರಶ್ನೆ: ಹೊಸ ಚಾಕು ಮೊದಲ ವಾರ ಚೆನ್ನಾಗಿತ್ತು, ಈಗ ಹಗ್ಗದ ಮೇಲೆ ಜಾರುತ್ತದೆ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೋದ್‌ಗೆ ಮನೆಯ ಕತ್ತಿಗಳನ್ನು ಮಸೆಯುವಾಗ ಇದನ್ನೂ ಮಸೆಯಬೇಕೆಂದಿದ್ದೇನೆ. ಉಕ್ಕೇ ಕಳಪೆಯೇ? (ಪೊನ್ನಂಪೇಟೆಯಿಂದ)

ಉತ್ತರ: ಈಗಲೇ ತೀರ್ಪು ಕೊಡಬೇಡಿ. ಕಾರ್ಖಾನೆಯಲ್ಲಿ ಅವಸರದಿಂದ ಮಸೆಯುವಾಗ ಅಂಚಿನ ಕೂದಲೆಳೆಯಷ್ಟು ಭಾಗ ಕಾದು ಮೆದುವಾಗಿರುತ್ತದೆ, ಇಲ್ಲವೇ ಮಸೆದಾಗ ಎದ್ದ ಗೀರು (ಅಂಚಿನಿಂದ ಆಚೆ ಬದಿಗೆ ಮಡಚಿಕೊಂಡ ಲೋಹದ ತೆಳು ಎಳೆ) ಅಂಚಿಗೇ ಅಂಟಿಕೊಂಡಿರುತ್ತದೆ. ಒಂದೆರಡು ಸಲ ಚೆನ್ನಾಗಿ ಮಸೆದು ಆ ಭಾಗ ಹೋದ ಮೇಲೆಯೇ ಉಕ್ಕಿನ ಗುಣ ತಿಳಿಯುವುದು.

400 ಗ್ರಿಟ್ (ಒರಟು) ಮತ್ತು 1000 ಗ್ರಿಟ್ (ನಯ) ಎರಡು ಮುಖವಿರುವ ಕಲ್ಲು ತನ್ನಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ಕೋನವೇ ಇಲ್ಲಿ ಮುಖ್ಯ. ಅಲಗು 20 ಮಿ.ಮೀ. ಅಗಲವಿದ್ದರೆ, ಬೆನ್ನು ಕಲ್ಲಿನಿಂದ 7 ಮಿ.ಮೀ. ಮೇಲೆದ್ದಾಗ 20 ಡಿಗ್ರಿ, 5 ಮಿ.ಮೀ.ಗೆ ಸುಮಾರು 15 ಡಿಗ್ರಿ. ಪೆನ್ಸಿಲಿನ ದಪ್ಪ ಹತ್ತಿರ ಹತ್ತಿರ 7 ಮಿ.ಮೀ.; ಅದನ್ನು ಬೆನ್ನಿನ ಕೆಳಗಿಟ್ಟು ಎತ್ತರ ಕಣ್ಣಿಗೆ ಹಿಡಿಸಿಕೊಳ್ಳಿ, ಆಮೇಲೆ ತೆಗೆದು ಮಸೆಯಿರಿ. ಅಗ್ಗದ ಉಕ್ಕಿಗೆ 20 ಡಿಗ್ರಿಯೇ ಸರಿ, 15ಕ್ಕೆ ಇಳಿಸಿದರೆ ಅಂಚು ಮಡಚಿಕೊಳ್ಳುತ್ತದೆ.

400ರ ಮೇಲೆ ಒಂದು ಬದಿಯನ್ನೇ ಮಸೆಯುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಬುಡದಿಂದ ತುದಿಯವರೆಗೆ ಹೆಬ್ಬೆರಳಿಗೆ ತರಚುವ ಸಣ್ಣ ಗೀರು ಎದ್ದಿರಬೇಕು. (ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಜಾರಿಸಿ, ಅಂಚಿನ ಉದ್ದಕ್ಕೆ ಎಂದೂ ಅಲ್ಲ.) ಎಷ್ಟು ಎಳೆತ ಎಂದು ಲೆಕ್ಕ ಹಾಕಬೇಡಿ, ಗೀರು ಏಳುವವರೆಗೆ ಮಸೆಯಬೇಕು, ಹೆಚ್ಚಿನವರು ಅದಕ್ಕೆ ಮೊದಲೇ ಬದಿ ಬದಲಿಸಿ ಕೆಡಿಸುತ್ತಾರೆ. ಆಮೇಲೆ ಇನ್ನೊಂದು ಬದಿ. ನಂತರ 1000ರ ಮೇಲೆ ಹಗುರ ಕೈಯಲ್ಲಿ ಒಂದೊಂದು ಬದಿಗೆ ಒಂದೊಂದು ಎಳೆತ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದಾಗಿ ಅಂಚು ಹಿಂದಾಗಿ ಹತ್ತು ಸಲ ಎಳೆಯಿರಿ.

ಹೀಗೆ ಎರಡು ಸಲ ಮಸೆದ ಮೇಲೂ ಹತ್ತಿಪ್ಪತ್ತು ಹಗ್ಗಕ್ಕೇ ಅಂಚು ಮಡಚಿಕೊಂಡರೆ ಹದ ಮೆದು. ಹಲ್ಲು ಹಲ್ಲಾಗಿ ಉದುರಿದರೆ ಹದ ಮೀರಿ ಗಡಸು. ಎರಡೂ ಸರಿಹೋಗುವಂಥದ್ದಲ್ಲ. ಕಿಡಿ ಹಾರಿಸುವ ಕರೆಂಟಿನ ಸಾಣೆಚಕ್ರಕ್ಕೆ ಮಾತ್ರ ಕೊಡಬೇಡಿ. ಅಂಚು ನೀಲಿಗಟ್ಟಿತೆಂದರೆ ಅಲ್ಲಿಯ ಹದ ಹೋಯಿತು, ಒಳ್ಳೆಯ ಚಾಕುವೂ ಕಳಪೆಯಾಗುತ್ತದೆ.

ಪ್ರಶ್ನೆ: 800 ರೂಪಾಯಿಗೆ ಡಮಾಸ್ಕಸ್ ಚಾಕು ಎಂದು ಮಾರುತ್ತಿದ್ದಾರೆ. ನಿಜವಿರಬಹುದೇ? (ವಿರಾಜಪೇಟೆಯಿಂದ)

ಉತ್ತರ: ಅಲಗಿನ ಬೆನ್ನು ನೋಡಿ. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದದ್ದಾದರೆ ಗೆರೆಗಳು ಬೆನ್ನಿನ ಮೇಲೂ ಹಾದುಹೋಗುತ್ತವೆ. ಎರಡು ಮಗ್ಗುಲಲ್ಲಿ ಮಾತ್ರ ಚಿತ್ತಾರವಿದ್ದು ಬೆನ್ನು ಬೋಳಾಗಿದ್ದರೆ ಅದು ಹೆಚ್ಚಾಗಿ ಲೇಸರಿನಲ್ಲಿ ಬರೆದದ್ದು, ಮಸೆಯುತ್ತಾ ಅಳಿಸಿಹೋಗುತ್ತದೆ. ನಿಜವಾದ ಪದರವೇ ಆದರೂ ಈ ಬೆಲೆಗೆ ಹದದ ಭರವಸೆ ಇಲ್ಲ.

ಪ್ರಶ್ನೆ: ಮರದ ಹಿಡಿಯ ಮಡಚುವ ಚಾಕು ಜೂನ್ ಬಂತೆಂದರೆ ಬಿಚ್ಚಲು ಬರುವುದಿಲ್ಲ. ಅಲಗೂ ಕಪ್ಪಾಗಿದೆ. (ನಾಪೋಕ್ಲಿನಿಂದ)

ಉತ್ತರ: ಮರ ತೇವ ಹೀರಿ ಉಬ್ಬಿ ಅಲಗನ್ನು ಎರಡು ಕಡೆಯಿಂದ ಹಿಡಿದುಕೊಳ್ಳುತ್ತದೆ. ಫ್ರಾನ್ಸಿನ ಸವೋಯಿಯಲ್ಲಿ 1890ರಿಂದ ತಯಾರಾಗುವ ಒಪಿನೆಲ್ ಚಾಕುವಿಗೂ ಇದೇ ಕಾಟ. (ಅಲಗನ್ನು ತಡೆಹಿಡಿಯುವ ತಿರುಗುವ ಉಂಗುರ ಅದಕ್ಕೆ ಬಂದದ್ದು 1955ರಲ್ಲಿ.) ಉಂಗುರವಿದ್ದರೆ ಮೊದಲು ಅದನ್ನು ಸಡಿಲ ಮಾಡಿ. ಹಿಡಿಯ ಹಿಂತುದಿಯನ್ನು ಗಟ್ಟಿ ಮರಕ್ಕೆ ಕುಟ್ಟಿದರೆ ಅಲಗು ತಾನಾಗಿ ಸ್ವಲ್ಪ ಮೇಲೇಳುತ್ತದೆ, ಆಗ ಹಿಡಿದು ಬಿಚ್ಚಬಹುದು. ಒಲೆಯ ಮೇಲೆ ಒಣಗಿಸಬೇಡಿ, ಮರ ಸೀಳುತ್ತದೆ. ಬೇಸಿಗೆಯಲ್ಲೇ, ಹಿಡಿಯಲ್ಲಿ ಅಲಗು ಕೂರುವ ಸೀಳಿನ ಒಳಮೈಯನ್ನು ಮರಳುಕಾಗದದಿಂದ ಸ್ವಲ್ಪ ಉಜ್ಜಿ, ಬಣ್ಣದ ಅಂಗಡಿಯ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ, ದಿನಕ್ಕೊಂದರಂತೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ; ತಾನೇ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹರಡಿ ಒಣಗಿಸಿ.

ಅಲಗು ಕಪ್ಪಾದದ್ದು ಕಾರ್ಬನ್ ಉಕ್ಕಾದ್ದರಿಂದ. ಕಿತ್ತಳೆ, ಬಾಳೆಕಾಯಿಯ ಸೊನೆ, ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ತಾಗಿದರೆ ಹೀಗಾಗುತ್ತದೆ. ಆ ಕಪ್ಪು ತುಕ್ಕನ್ನು ಸ್ವಲ್ಪ ತಡೆಯುವುದೂ ಉಂಟು, ಉಜ್ಜಿ ತೆಗೆಯಬೇಡಿ. ಕೆಂಪು ಕಂಡರೆ ಮಾತ್ರ ತೆಗೆಯಿರಿ.

ಪ್ರಶ್ನೆ: ಬೆಣ್ಣೆಹಣ್ಣಿನ ಸಸಿಗಳಿಗೆ ಕಸಿ ಕಟ್ಟಲು ಇದೇ ಚಾಕು ಆಗುತ್ತದೆಯೇ? (ಚೆಟ್ಟಳ್ಳಿಯಿಂದ)

ಉತ್ತರ: ನಾಲ್ಕಾರು ಗಿಡಕ್ಕಾದರೆ ನಡೆಯುತ್ತದೆ. ಸಾಮಾನ್ಯ ಚಾಕುವಿನ ಅಂಚು ಎರಡೂ ಬದಿಗೆ ಇಳಿಜಾರಾಗಿರುವುದರಿಂದ 3-4 ಸೆಂ.ಮೀ. ಉದ್ದದ ಓರೆ ಕೊಯ್ತ ನೇರ ಬರುವುದಿಲ್ಲ, ಕಡ್ಡಿ ಮತ್ತು ಬುಡಗಿಡದ ನಡುವೆ ಸಂದಿ ಉಳಿಯುತ್ತದೆ. ಕಸಿ ಚಾಕುವಿನ ಅಂಚು ಒಂದೇ ಬದಿಗೆ ಇಳಿಜಾರು, ಇನ್ನೊಂದು ಬದಿ ಚಪ್ಪಟೆ. ಮಸೆಯುವಾಗಲೂ ಇಳಿಜಾರಿನ ಬದಿಯನ್ನಷ್ಟೇ ಮಸೆಯಿರಿ. ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಒರಗಿಸಿ ಗೀರು ತೆಗೆದರೆ ಸಾಕು. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ಆ ಚಾಕುವಿನಿಂದ ಹಗ್ಗ ಕತ್ತರಿಸಬೇಡಿ.

ಪ್ರಶ್ನೆ: ಇಂಥ ಚಾಕುವಿಗೆ ಪರವಾನಗಿ ಬೇಕೇ? (ಮಡಿಕೇರಿಯಿಂದ)

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳು ಶಸ್ತ್ರವೆಂದು ಹೆಸರಿಸುವುದು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚಾಕುಗಳನ್ನು, ಮನೆ, ಕೃಷಿ ಕೆಲಸಕ್ಕೆಂದು ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿದೆ. 8 ಸೆಂ.ಮೀ. ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಪೇಟೆಗೆ, ಜಾತ್ರೆಗೆ ಹೋಗುವಾಗ ಮನೆಯಲ್ಲೇ ಬಿಡುವುದು ಒಳ್ಳೆಯದು. ಕಣ್ಣೂರಿನಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಮಾಡುವ ಬ್ಯಾಗಿಗೆ ಹಾಕಿ.