ಎಂಡ್ ಟಾಸ್ಕ್ ಕೊಟ್ಟರೂ ಪ್ರೋಗ್ರಾಂ ಮತ್ತೆ ಎದ್ದು ಬರುತ್ತದೆ, ಏಕೆ?

ಹಿಂದಿನಿಂದ ಯಾರೋ ಎಬ್ಬಿಸುತ್ತಿದ್ದಾರೆ ಎಂದೇ ಅರ್ಥ. ಸಾಮಾನ್ಯವಾಗಿ ಅದೊಂದು ಸರ್ವಿಸ್ (ಹಿನ್ನೆಲೆಯಲ್ಲಿ ಕಾಣದಂತೆ ಓಡುವ ಪ್ರೋಗ್ರಾಂ), ಇಲ್ಲವೇ ಟಾಸ್ಕ್ ಶೆಡ್ಯೂಲರ್ (ನಿಗದಿತ ಹೊತ್ತಿಗೆ ಪ್ರೋಗ್ರಾಂ ಚಾಲೂ ಮಾಡುವ ವಿಂಡೋಸ್ ಸಾಧನ). ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್ ಟ್ಯಾಬ್‌ಗೆ ಹೋಗಿ. ಮತ್ತೆ ಎದ್ದು ಬರುವ ಪ್ರೋಗ್ರಾಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಗೋ ಟು ಸರ್ವಿಸಸ್' ಆರಿಸಿದಾಗ ಯಾವುದಾದರೂ ಸಾಲು ಎದ್ದು ಕಂಡರೆ ಕಳ್ಳ ಸಿಕ್ಕಿದ. ಸರ್ವಿಸಸ್ ಕಿಟಕಿ ತೆರೆದು ಅದೇ ಹೆಸರಿನ ಪ್ರಾಪರ್ಟೀಸ್ ನೋಡಿ: ರಿಕವರಿ ಟ್ಯಾಬ್‌ನಲ್ಲಿ 'ರೀಸ್ಟಾರ್ಟ್ ದ ಸರ್ವಿಸ್' ಎಂದಿದ್ದರೆ ಎಷ್ಟು ಸಲ ಕೊಂದರೂ ಅದು ಬದುಕಿ ಬರುತ್ತದೆ. ಅಲ್ಲಿ 'ಟೇಕ್ ನೋ ಆಕ್ಷನ್' ಮಾಡಿ, ಸ್ಟಾರ್ಟಪ್ ಟೈಪ್ ಮ್ಯಾನ್ಯುಯಲ್ ಇಟ್ಟು, ಆಮೇಲೆ ಸ್ಟಾಪ್ ಒತ್ತಿ.

'ಎಂಡ್ ಪ್ರೋಸೆಸ್ ಟ್ರೀ' ಇಲ್ಲಿ ಸಾಲದು. ಅದು ಆ ಪ್ರೋಗ್ರಾಂ ಅನ್ನೂ ಅದು ಹುಟ್ಟಿಸಿದ ಮಕ್ಕಳನ್ನೂ ಮುಗಿಸುತ್ತದೆ, ಅದನ್ನು ಎಬ್ಬಿಸಿದ ತಾಯಿಯನ್ನಲ್ಲ. ಸಿಎಸ್‌ಆರ್‌ಎಸ್‌ಎಸ್ (csrss.exe) ಎಂಬ ವಿಂಡೋಸ್‌ನ ಮೂಲ ಪ್ರೋಸೆಸ್ ಅನ್ನು ಮಾತ್ರ ಮುಟ್ಟಬೇಡಿ, ಅದು ನಿಂತರೆ ಇಡೀ ವಿಂಡೋಸ್ ಕುಸಿಯುತ್ತದೆ.